ಅದ್ಯಾವ ಇಮಾನರೀ ಕಾಕಾ?

ಮುಧೋಳ ಅಂದ ಕೂಡಲೇ ಬೆಂಗಳೂರಿನ ಮಂದಿ ನಾಯಿಮರಿ ಕೇಳುತ್ತಾರೆ. ನಾಯಿ ಬೇಕಾದವರು ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಬೇಕು. ನಮ್ಮದು ಸೇಡಂ ತಾಲ್ಲೂಕಿನ ಮುಧೋಳ. ಮೂಡಲಿಗೆ ಹೊರಟರೆ ಸ್ವಲ್ಪದರಲ್ಲೇ ತೆಲಂಗಾಣ, ಸಂತೆಯಲ್ಲಿ ಅರ್ಧ ಮಾತು ತೆಲುಗು. ಆ ಮುಧೋಳದ ನಾಯಿ ಮೂಗಿಗಿಂತ ಕಣ್ಣು ನಂಬಿ ಬೇಟೆಯಾಡುವ ಜಾತಿಯದು. ರನ್‌ವೇ ಮೇಲೆ ಬಂದು ಕೂಡುವ ಹಕ್ಕಿ ಓಡಿಸಲಿಕ್ಕೆ ವಾಯುಪಡೆಯವರೂ ಅದರ ಮರಿಗಳನ್ನು ಒಯ್ದಿದ್ದಾರೆ. ಈ ಮುಧೋಳದಲ್ಲಿ ಅಂಥ ಕಣ್ಣಿನವರು ಯಾರೂ ಇಲ್ಲ. ಕಿವಿಯವರಿದ್ದಾರೆ. ಅವರಲ್ಲಿ ಹಿರಿಯರು ನಮ್ಮ ಪಕ್ಕದ ಮನೆಯ ಕಾಕಾ.

ನಮಗೂ ಅವರಿಗೂ ನಡುವೆ ಎದೆಮಟ್ಟದ ಪರಸಿ ಗೋಡೆ. ಶಹಾಬಾದ್ ಪರಸಿಯನ್ನು ಬೇರೆ ಊರವರು ನೆಲಕ್ಕೆ ಹಾಸುತ್ತಾರೆ, ನಾವು ನಿಲ್ಲಿಸಿ ಹುಗಿದು ಕಂಪೌಂಡ್ ಮಾಡುತ್ತೇವೆ. ಚಾದ ಬಟ್ಟಲು ಇಡಲಿಕ್ಕೆ ಅದರ ಅಂಚು ಸಾಲದು, ಮೊಳಕೈ ಊರಿ ಹರಟೆ ಹೊಡೆಯಲಿಕ್ಕೆ ಮಾತ್ರ ಬರೋಬ್ಬರಿ ಎತ್ತರ.

ಕಾಕಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮುಗಿಸಿ ಊರಿಗೆ ಬಂದವರು. ಹಳೆಯ ಆಲ್ಕೊ ಡೀಸೆಲ್ ಎಂಜಿನ್ನು ಕತ್ತಲಲ್ಲಿ ನಿಂತಲ್ಲೇ ಗುಡುಗುಡು ಅಂದರೆ ಸಾಕು, ಅದು ಖಾಲಿ ನಿಂತಿದೆಯೋ, ಸಿಮೆಂಟಿನ ಗಾಡಿ ಎಳೆಯಲಿಕ್ಕೆ ತಯಾರಾಗಿದೆಯೋ ಹೇಳುತ್ತಿದ್ದರಂತೆ. ಈಗ ಆ ಹಳಿಯ ಮೇಲೆಲ್ಲ ಕರೆಂಟಿನ ಎಂಜಿನ್ನು. “ಅವಕ್ಕ ದನೀನೇ ಇಲ್ರೀ ಮಾಸ್ತರ” ಅನ್ನುತ್ತಾರೆ. ಹಾಗಾಗಿ ನಿವೃತ್ತಿಯ ನಂತರ ಅವರ ಕಿವಿ ಹಳಿ ಬಿಟ್ಟು ಆಕಾಶ ಹತ್ತಿತು.

ಸಪ್ಪಳದಿಂದ ವಿಮಾನ ಗುರುತಿಸುವ ಈ ಕಸುಬಿಗೆ ನಮ್ಮ ಊರಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ದೊಡ್ಡ ವಿಮಾನ ನಿಲ್ದಾಣದ ಬದಿಯಲ್ಲಿ ಇರುವವರಿಗೆ ದಿನವೆಲ್ಲ ಒಂದೇ ನಮೂನೆ ಸಪ್ಪಳ. ನಮ್ಮ ತಲೆಯ ಮೇಲೆ ಮೂರು ಊರಿನ ವಿಮಾನ ಓಡಾಡುತ್ತವೆ. ಮೂಡಲಿಗೆ ಹೈದರಾಬಾದಿನ ಶಂಶಾಬಾದ್, 2008ರ ಮಾರ್ಚಿನಲ್ಲಿ ಶುರುವಾದದ್ದು. ಬಡಗಲಿಗೆ ಬೀದರಿನ ವಾಯುಪಡೆ ನೆಲೆ. ಪಡುವಲಿಗೆ ಕಲಬುರಗಿಯ ಸರಡಗಿ ಹತ್ತಿರದ ನಿಲ್ದಾಣ. 2019ರ ನವೆಂಬರ್ 22ರಂದು ಅಲ್ಲಿ ಮೊದಲ ಪ್ರಯಾಣಿಕರ ವಿಮಾನ ಇಳಿದಾಗ ಇಲ್ಲಿಂದ ಟ್ರ್ಯಾಕ್ಸ್ ಮಾಡಿಕೊಂಡು ನೋಡಲಿಕ್ಕೆ ಹೋದವರಿದ್ದಾರೆ. ಮೂರೂ ಬೇರೆ ಬೇರೆ ಜಾತಿ, ಬೇರೆ ಬೇರೆ ದನಿ.

ಆದರೆ ವಿಮಾನ ಯಾವುದು ಅಂತ ಕೇಳುವ ಮೊದಲು ಇಲ್ಲಿ ಇನ್ನೊಂದು ಪ್ರಶ್ನೆ ಇದೆ. ಸಪ್ಪಳ ಬಂದದ್ದು ಮೇಲಿಂದಲೋ, ಕೆಳಗಿಂದಲೋ? ಬೇರೆ ಕಡೆಯವರಿಗೆ ಇದು ತಮಾಷೆ ಅನ್ನಿಸೀತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಅಂದರೆ ಸುಣ್ಣದ ಕಲ್ಲಿನ ಸೀಮೆ. ಸಿಮೆಂಟ್ ಕಾರ್ಖಾನೆಗಳ ಖಣಿಯಲ್ಲಿ ಸುರಂಗ ಹಾರಿಸಿದರೆ ಕಿಟಕಿಯ ಗಾಜು ಜರ್ರ್ ಅನ್ನುತ್ತದೆ. ಅದಕ್ಕೆ ಮುಂಚೆ ಸೈರನ್ ಊದುತ್ತಾರೆ, ಆದ್ದರಿಂದ ಅದರ ಗುರುತು ಸುಲಭ. ಚಿಂಚೋಳಿ ಕಡೆಯ ಗಡಿಕೇಶ್ವಾರದವರ ಪಾಡು ಬೇರೆ. 2021ರ ಅಕ್ಟೋಬರಿನಲ್ಲಿ ಅಲ್ಲಿ ನೆಲದೊಳಗಿಂದಲೇ ಢಮ್ ಅನ್ನುವ ಸದ್ದು, ಹಿಂದೆಯೇ ಭೂಮಿಯ ನಡುಕ, ರಿಕ್ಟರ್ ಮಾಪಕದಲ್ಲಿ 4ರ ಆಸುಪಾಸು. ಮಂದಿ ಮನೆಯೊಳಗೆ ಮಲಗಲು ಹೆದರಿ ಊರು ಬಿಟ್ಟರು, ವಿಜ್ಞಾನಿಗಳು ಯಂತ್ರ ತಂದು ಕೂತರು. ಆ ದಿನಗಳಲ್ಲಿ ನಮ್ಮ ಕಡೆ ಏನೇ ಢಮ್ ಅಂದರೂ ಜನ ಮೊದಲು ಕಾಲ ಕೆಳಗೆ ನೋಡುತ್ತಿದ್ದರು.

“ಬೆಂಗಳೂರಾಗ ಹಂಗಾದ್ರ ಟ್ವಿಟರ್ ನೋಡ್ತಾರ” ಅಂದೆ. ನನ್ನ ತಲೆಯಲ್ಲಿದ್ದದ್ದು 2020ರ ಮೇ 20ರ ಮಧ್ಯಾಹ್ನದ ಸಂಗತಿ. ಲಾಕ್‌ಡೌನಿನ ಮೌನದಲ್ಲಿ ಇಡೀ ಬೆಂಗಳೂರು ಒಂದು ಭಾರಿ ಸದ್ದು ಕೇಳಿ ಬೆಚ್ಚಿತು. ಭೂಕಂಪ ಅಂದರು, ಉಲ್ಕೆ ಅಂದರು, ಏನೇನೋ ಅಂದರು. ಆಮೇಲೆ ರಕ್ಷಣಾ ಇಲಾಖೆಯೇ ಹೇಳಿತು: ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದ ಹೊರಗೆ 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚಿದ್ದ ತನ್ನ ವೇಗವನ್ನು ಇಳಿಸುತ್ತಿದ್ದಾಗ ಎದ್ದ ಸದ್ದಿರಬೇಕು.

ಕಾಕಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. “ಗ್ವಾಡಿ ಮೊದಲ ನಡುಗ್ತೋ, ಕಿವಿಗಿ ಮೊದಲ ಬಂತೋ? ನೆಲದ್ದಾದ್ರ ಅಂಗಾಲಿಗಿ ಗೊತ್ತಾಗ್ತದ, ಮ್ಯಾಲಿಂದಾದ್ರ ಪತ್ರಾಕ್ಕ ಗೊತ್ತಾಗ್ತದ.” ಪತ್ರಾ ಅಂದರೆ ಅವರ ದನದ ಕೊಟ್ಟಿಗೆಯ ತಗಡು. ಈ ಮಾತಿನಲ್ಲಿ ಹುರುಳಿದೆ ಅನ್ನಿಸಿತು ನನಗೆ.

ಸರಿ, ಸಪ್ಪಳ ಮೇಲಿನದೇ ಅಂತ ತೀರ್ಮಾನವಾಯಿತು ಅನ್ನಿ. ಈಗ ಕತ್ತೆತ್ತಿ ನೋಡುವವರು ಸಾಮಾನ್ಯವಾಗಿ ಸಪ್ಪಳ ಬಂದ ದಿಕ್ಕಿಗೇ ನೋಡುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಹತ್ತೂವರೆ ಕಿಲೋಮೀಟರ್ ಎತ್ತರದಿಂದ ಸದ್ದು ನೆಲಕ್ಕೆ ಇಳಿದು ಬರಲಿಕ್ಕೆ ಅರ್ಧ ನಿಮಿಷಕ್ಕೂ ಸ್ವಲ್ಪ ಹೆಚ್ಚೇ ಬೇಕು. ಗಂಟೆಗೆ 850 ಕಿಲೋಮೀಟರ್ ಓಡುವ ಜೆಟ್ಟು ಅಷ್ಟರಲ್ಲಿ ಏಳೆಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ದನಿ ಎಲ್ಲಿದೆಯೋ ಅದಕ್ಕಿಂತ ಒಂದಿಷ್ಟು ಮುಂದೆ ಕಣ್ಣು ಹಾಯಿಸಬೇಕು. ಕಾಕಾ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಮೇಲೆ ಸಪ್ಪಳ ಎದ್ದರೆ ಅವರ ಬೆರಳು ತಾನಾಗಿ ಹೈದರಾಬಾದ್ ಕಡೆಗೆ ನಾಲ್ಕು ಗೇಣು ಮುಂದೆ ಹೋಗಿ ನಿಲ್ಲುತ್ತದೆ, ಅಲ್ಲಿ ಬಿಳಿ ಚುಕ್ಕೆ ಇರುತ್ತದೆ.

ಶಂಶಾಬಾದಿಗೆ ಹೋಗುವುದು ಬರುವುದು ಎರಡರ ದನಿಯೂ ಒಂದೇ ಅಲ್ಲ. ಮುಂಬೈ ಕಡೆಯಿಂದ ಬರುವ ವಿಮಾನ ಇಳಿಯುವ ಜಾಗಕ್ಕಿಂತ ಸುಮಾರು 180–200 ಕಿಲೋಮೀಟರ್ ಮುಂಚೆಯೇ ಎತ್ತರ ಬಿಡಲು ಶುರುಮಾಡುತ್ತದೆ. ನಮ್ಮ ಮೇಲೆ ಬರುವ ಹೊತ್ತಿಗೆ ಪೈಲಟ್ ಎಂಜಿನ್ ಇಳಿಸಿಬಿಟ್ಟಿರುತ್ತಾನೆ, ದೊಡ್ಡ ವಿಮಾನ ಸುಯ್ ಅಂತ ಜಾರಿ ಹೋಗುತ್ತದೆ. ಹೈದರಾಬಾದಿನಿಂದ ಎದ್ದು ಪಡುವಲಿಗೆ ಹೊರಟದ್ದು ಇನ್ನೂ ಹತ್ತುತ್ತಿರುತ್ತದೆ, ಹೊಟ್ಟೆ ತುಂಬ ಎಣ್ಣೆ, ಅದರ ಗುಡುಗು ಬಹಳ ಹೊತ್ತು ಬಿಡುವುದಿಲ್ಲ. “ಬರೋ ಬೀಗರು ಸುಮ್ನ ಬರ್ತಾರ, ಹೋಗೋರು ಗದ್ಲಾ ಮಾಡ್ಕೋತ ಹೋಗ್ತಾರ” ಎಂಬುದು ಕಾಕಿಯ ವ್ಯಾಖ್ಯಾನ. ಕಾಕಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತ ಇಂಥದ್ದನ್ನು ಒಮ್ಮೊಮ್ಮೆ ಹೇಳಿ ಒಳಗೆ ಹೋಗಿಬಿಡುತ್ತಾರೆ.

ಮೊಮ್ಮಗನ ಮೊಬೈಲಿನಲ್ಲಿ ಫ್ಲೈಟ್‌ರೇಡಾರ್ ಇದೆ. ಕಾಕಾ ಬಾಯಿ ತೆರೆಯುವ ಮೊದಲೇ ಅವನು ಎ320, ಬೋಯಿಂಗ್ 777, ದೋಹಾದಿಂದ ಬಂದದ್ದು, ಇಷ್ಟು ಸಾವಿರ ಅಡಿ ಅಂತ ಒದರುತ್ತಾನೆ. ಬಾಜಿ ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ. ಆದರೆ ಒಂದು ಮುಂಜಾನೆ ಬಡಗಲಿಂದ ಎರಡು ಸಣ್ಣ ಜೆಟ್ಟು ಪರ್ರ್ ಅಂತ ಗಾಳಿ ಹರಿದುಕೊಂಡು ಹೋದವು. ಹುಡುಗ ಮೊಬೈಲ್ ತಿಕ್ಕಿದ, ತಿರುಗಿಸಿದ, ನೆಟ್‌ವರ್ಕ್ ಬೈದ. ಪರದೆ ಮೇಲೆ ಬರೀ ಖಾಲಿ ನಕಾಶೆ.

“ಫೌಜಿನವ್ರು ನಿನಗ ಹೇಳಿ ಹೋಗ್ಬೇಕೇನಲೇ? ಹಾಕ್ ಅವ, ಬೀದರದವ್ವು” ಅಂದರು ಕಾಕಾ.

ಅವು ಹಾಕ್ ಮಾರ್ಕ್ 132. ಬೀದರಿನಲ್ಲಿ 2008ರಲ್ಲಿ ವಾಯುಪಡೆ ಸೇರಿದವು. ಫೈಟರ್ ಪೈಲಟ್ ಆಗಬೇಕಾದ ಹುಡುಗರು ಅದರಲ್ಲಿ ಕಲಿಯುತ್ತಾರೆ. ಒಂದೇ ಎಂಜಿನ್ನು, ಹಿಂದೆ ಮುಂದೆ ಎರಡು ಸೀಟು, ರೆಕ್ಕೆ ಹೊಟ್ಟೆಯ ಕೆಳಭಾಗಕ್ಕೆ ಕೂತಿರುತ್ತದೆ. ಕೆಳಗೆ ಹಾರಿದರೆ ದನಿ ಮುಂಚೆ ಸಿಗುವುದೇ ಇಲ್ಲ, ಅದು ದಾಟಿದ ಮೇಲೆ ಒಮ್ಮೆಲೇ ಬಂದು ತಲೆ ಮೇಲೆ ಬೀಳುತ್ತದೆ. ಕುರಿಗಳು ಬೆದರುವುದು ಆಗಲೇ. ಇದಕ್ಕೂ ಮುಂಚೆ ಬೀದರಿನಲ್ಲಿದ್ದ ಕಿರಣ್ ವಿಮಾನ ನಮ್ಮ ಎಚ್‌ಎಎಲ್‌ನದೇ. 1996ರಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡ ಅದರಲ್ಲೇ ಕಸರತ್ತು ಮಾಡುತ್ತಿತ್ತು. 2011ರಲ್ಲಿ ಅದನ್ನು ನಿಲ್ಲಿಸಿದರು, ಕೆಲವು ವರ್ಷದ ಮೇಲೆ ಅದೇ ಹೆಸರಿನಲ್ಲಿ ಕೆಂಪು ಬಿಳಿ ಬಣ್ಣದ ಹಾಕ್‌ಗಳು ಎದ್ದವು. ಕಿರಣ್‌ನ ಕೀರಲು ಬೇರೆ, ಹಾಕ್‌ನ ಗರ್ಜನೆ ಬೇರೆ ಎಂದು ಕಾಕಾ ಈಗಲೂ ಬಾಯಲ್ಲಿ ಮಾಡಿ ತೋರಿಸುತ್ತಾರೆ. ಬರಹದಲ್ಲಿ ಅದನ್ನು ತೋರಿಸಲಿಕ್ಕೆ ಕನ್ನಡದ ನಲವತ್ತೊಂಬತ್ತು ಅಕ್ಷರವೂ ಸಾಲವು.

ಹೆಚ್ಚು ಹೊತ್ತು ತಿನ್ನುವ ಚರ್ಚೆ ಕಲಬುರಗಿಯ ತರಬೇತಿ ವಿಮಾನದ್ದು. ಸರಡಗಿಯ ರನ್‌ವೇ 3 ಕಿಲೋಮೀಟರಿಗೂ ಉದ್ದ. ಪ್ರಯಾಣಿಕರ ವಿಮಾನ ಈ ತಿಂಗಳು ಇದ್ದ ಹಾಗೆ ಮುಂದಿನ ತಿಂಗಳು ಇರುವುದಿಲ್ಲ, ಪೈಲಟ್ ಕಲಿಯುವ ಹುಡುಗರ ಪುಟ್ಟ ವಿಮಾನ ಮಾತ್ರ ತಪ್ಪುವುದಿಲ್ಲ. ತೊಗರಿ ಹೂವು ಕಾಯಿ ಹಿಡಿಯುವ ದಿನಗಳಲ್ಲಿ ಅದನ್ನು ಗುರುತಿಸುವುದು ನಿಜಕ್ಕೂ ಕಷ್ಟ. ಯಾಕೆಂದರೆ ಹೊಲದಲ್ಲಿ ಔಷಧಿ ಹೊಡೆಯುವ ಪವರ್ ಪಂಪೂ ಘರ್ರ್ ಅನ್ನುತ್ತಿರುತ್ತದೆ, ಈಗೀಗ ಡ್ರೋನೂ ಬಂದು ಗುಂಯ್ ಅನ್ನುತ್ತದೆ. ಮೂರೂ ಕೂಡಿದರೆ ಕಾಕಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕಣ್ಣು ಮುಚ್ಚುತ್ತಾರೆ.

ಈ ಸಣ್ಣ ವಿಮಾನದ ದನಿಯಲ್ಲಿ ಒಂದು ಗಮ್ಮತ್ತಿದೆ. ಜಗತ್ತಿನಲ್ಲೆಲ್ಲ ಹುಡುಗರು ಹಾರಲು ಕಲಿಯುವುದು ಬಹಳಮಟ್ಟಿಗೆ ಸೆಸ್ನಾ 172ರಲ್ಲಿ. ರೆಕ್ಕೆ ತಲೆಯ ಮೇಲೆ, ಅದಕ್ಕೆ ಕೆಳಗಿನಿಂದ ಎರಡು ಕಡೆ ಓರೆ ಊರುಗೋಲು, ಮೂತಿಗೆ ಎರಡು ಎಲೆಯ ಪಂಖ. ಎಂಜಿನ್ನು ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತು. ಪಂಖಕ್ಕೆ ಎಲೆ ಎರಡು, ಹಾಗಾಗಿ ಸೆಕೆಂಡಿಗೆ 80 ಸಲ ಗಾಳಿಗೆ ಏಟು. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಸುತ್ತಿಗೆ ಎರಡು ಸ್ಫೋಟ, ಅದೂ ಸೆಕೆಂಡಿಗೆ 80. ಪಂಖದ ಏಟೂ ಎಂಜಿನ್ನಿನ ಏಟೂ ಒಂದೇ ಲೆಕ್ಕಕ್ಕೆ ಬೀಳುವುದರಿಂದ ಆ ಝೇಂಕಾರ ಅಷ್ಟು ತುಂಬಿಕೊಂಡು, ಬಿರುಕಿಲ್ಲದೆ ಕೇಳಿಸುತ್ತದೆ. ಇದನ್ನು ಗೋಡೆ ಮೇಲೆ ಬೆರಳಿನಿಂದ ಲೆಕ್ಕ ಮಾಡಿ ತೋರಿಸಿದೆ. ಕಾಕಾ ತಲೆದೂಗಿದರು, ಆದರೆ ಅವರ ಮನಸ್ಸು ಬೇರೆ ಕಡೆ ಇತ್ತು.

“ಅದು ನಡುವ ಸಪ್ಪಳ ಬಂದ್ ಮಾಡ್ತದಲ್ರೀ, ಯಾಕ?”

ಇದು ಊರಿನ ಎಲ್ಲರ ಪ್ರಶ್ನೆ. ಮೇಲೆ ಘರ್ರ್ ಅನ್ನುತ್ತಿದ್ದದ್ದು ಒಮ್ಮೆಲೇ ತಣ್ಣಗಾಗುತ್ತದೆ, ಕೆಳಗೆ ಕಳೆ ತೆಗೆಯುವ ಹೆಣ್ಣುಮಕ್ಕಳು “ಯವ್ವಾ ಬಿತ್ತಲೇ” ಎಂದು ಎದೆ ಹಿಡಿದುಕೊಳ್ಳುತ್ತಾರೆ, ಅಷ್ಟರಲ್ಲಿ ಮತ್ತೆ ಜೋರಾಗುತ್ತದೆ. ಅದು ಕೆಟ್ಟದ್ದಲ್ಲ, ಪಾಠ. ಬೇಕೆಂದೇ ಎಂಜಿನ್ ಇಳಿಸಿ, ಮೂತಿ ಎತ್ತಿ, ವೇಗ ಕಳೆದು, ರೆಕ್ಕೆ ಹಿಡಿತ ಬಿಡುವ ತನಕ ಕಾಯುತ್ತಾರೆ. ಮೂತಿ ಬಿದ್ದ ಕೂಡಲೇ ಪೂರ್ತಿ ಎಂಜಿನ್ ಕೊಟ್ಟು ಏಳುವುದನ್ನು ಹುಡುಗ ಕಲಿಯಬೇಕು. ಎಂಜಿನ್ ನಿಂತೇ ಹೋದರೆ ಯಾವ ಹೊಲಕ್ಕೆ ಇಳಿಯಬಹುದು ಎಂದು ಹುಡುಕುವ ಪಾಠವೂ ಇದೆ. ಅದು ಬರೀ ಪಾಠವಾಗಿ ಉಳಿಯಲಿಲ್ಲ. 2023ರ ಮಳೆಗಾಲದಲ್ಲಿ ಪೇಠಶಿರೂರ ಹತ್ತಿರ ಒಂದು ತರಬೇತಿ ವಿಮಾನ ಖರೇನೇ ಹೊಲಕ್ಕೆ ಇಳಿಯಿತು, ಒಳಗಿದ್ದ ಇಬ್ಬರೂ ಬದುಕಿದರು. ನೋಡಲಿಕ್ಕೆ ಬಂದ ಮಂದಿಯ ಕಾಲಿಗೆ ಸಿಕ್ಕ ಬೆಳೆಯ ಕತೆ ಏನಾಯಿತು ಎಂಬುದು ಕಾಕಿಯ ಚಿಂತೆ.

ಕಣ್ಣಿನಿಂದ ಗುರುತಿಸುವವರಿಗೆ ಇಂಗ್ಲೆಂಡಿನವರು ಎರಡನೇ ಮಹಾಯುದ್ಧದ ಕಾಲಕ್ಕೇ ಒಂದು ಕ್ರಮ ಹಾಕಿಕೊಟ್ಟಿದ್ದಾರೆ: ಮೊದಲು ರೆಕ್ಕೆ ನೋಡು, ಆಮೇಲೆ ಎಂಜಿನ್ನು, ಆಮೇಲೆ ಮೈ, ಕೊನೆಗೆ ಬಾಲ. ಅಷ್ಟು ಶಿಸ್ತು ನಮಗೆ ಆಗುವುದಿಲ್ಲ, ಕಲಬುರಗಿಗೆ ಬಂದುಹೋದ ಎರಡು ನಮೂನೆಯ ಪ್ರಯಾಣಿಕರ ವಿಮಾನಕ್ಕೆ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ. ಮೊದಲ ದಿನ ಬಂದ ಸ್ಟಾರ್ ಏರ್‌ನ ಎಂಬ್ರಾಯರ್ 145 ಸಪೂರ ಮೈಯದು, 50 ಸೀಟಿನದು, ಎರಡೂ ಎಂಜಿನ್ನು ಬಾಲದ ಹತ್ತಿರ ಬೆನ್ನಿಗಂಟಿಕೊಂಡಿವೆ, ರೆಕ್ಕೆಯ ಕೆಳಗೆ ಏನೂ ಇಲ್ಲ. ಅಲಯನ್ಸ್ ಏರ್‌ನ ಎಟಿಆರ್ 72ಕ್ಕೆ ರೆಕ್ಕೆ ನೆತ್ತಿಯ ಮೇಲೆ, ಆ ರೆಕ್ಕೆಗೆ ಎರಡು ಕಡೆ ಆರು ಎಲೆಯ ಪಂಖ. ಎರಡಕ್ಕೂ ಬಾಲದ ಅಡ್ಡಪಟ್ಟಿ ತುದಿಯಲ್ಲೇ ಇರುವುದರಿಂದ ಬಾಲವೊಂದನ್ನೇ ನೋಡಿದವರು ಜಗಳಕ್ಕೆ ಬೀಳುತ್ತಾರೆ. ದನಿ ಕೇಳಿದರೆ ಜಗಳವಿಲ್ಲ. ಮೊದಲನೆಯದು ಚೀರುತ್ತದೆ, ಎರಡನೆಯದು ಗುನುಗುತ್ತದೆ.

ಹೆಲಿಕಾಪ್ಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಚುನಾವಣೆ ಬಂದರೆ ಅದು ತಾನೇ ಬರುತ್ತದೆ. ಎಲೆ ಕಡಿಮೆ ಇದ್ದಷ್ಟೂ ಏಟು ಬಿಡಿಬಿಡಿ, ಹೆಚ್ಚಿದ್ದಷ್ಟೂ ಕೂಡಿಕೊಂಡು ಒಂದೇ ಸಮನೆ. ಫೌಜಿನ ಚೇತಕ್‌ಗೆ ಮೂರು ಎಲೆ, ಎಂಐ 17ಕ್ಕೆ ಐದು. ಮಂತ್ರಿಗಳು ಎಷ್ಟೆಲೆಯದರಲ್ಲಿ ಬರುತ್ತಾರೆ ಎನ್ನುವುದರ ಮೇಲೆ ಅವರ ವಜನ ತೂಗುವ ಒಬ್ಬ ಪುಢಾರಿ ನಮ್ಮ ಬಸ್‌ಸ್ಟ್ಯಾಂಡಿನಲ್ಲಿದ್ದಾನೆ.

ಒಂದು ಸಂಜೆ ಮಾತು ಹೈದರಾಬಾದ್ ನಿಜಾಮನ ಆಳ್ವಿಕೆಯ ಕೊನೆಗೆ, ರಜಾಕಾರರ ಕಾಲಕ್ಕೆ ಹೋಯಿತು. ನಮ್ಮ ಕಡೆ ಹರಟೆ ಎಲ್ಲಿಂದ ಹೊರಟರೂ ಒಮ್ಮೆ ಅಲ್ಲಿಗೆ ಮುಟ್ಟಿಯೇ ಬರುತ್ತದೆ. ಕಾಕಾನ ಅವ್ವನಿಗೆ ವಿಮಾನ ಅಂದರೆ ಎರಡೇ ನಮೂನೆ, ಹಗಲಿನದು ಮತ್ತು ರಾತ್ರಿಯದು. ಹಗಲಿನದು ಬಂದರೆ ಅಂಗಳಕ್ಕೆ ಬಂದು ನೋಡುವುದು, ರಾತ್ರಿಯದು ಬಂದರೆ ಚಿಮಣಿ ಆರಿಸುವುದು. ಮುದುಕಿಯ ಈ ವಿಂಗಡಣೆ ಕಾಕಾಗೆ ಹಾಸ್ಯ, ನನಗೆ ಹಾಗನ್ನಿಸುವುದಿಲ್ಲ. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ನಿಜಾಮನಿಗೆ ಕದ್ದು ಮದ್ದುಗುಂಡು ಸಾಗಿಸುತ್ತಿದ್ದದ್ದು ರಾತ್ರಿಯಲ್ಲೇ, ಇಳಿಸುತ್ತಿದ್ದದ್ದು ಬೀದರ, ವಾರಂಗಲ್ಲಿನಂಥ ಕಡೆ. ಅವನ ಲಂಕಾಸ್ಟ್ರಿಯನ್ ವಿಮಾನಕ್ಕೆ ನಾಲ್ಕು ಮರ್ಲಿನ್ ಎಂಜಿನ್ನು, ಒಂದೊಂದಕ್ಕೂ 12 ಸಿಲಿಂಡರ್. ಕತ್ತಲಲ್ಲಿ 48 ಸಿಲಿಂಡರ್ ಒಟ್ಟಿಗೆ ಹಾಯ್ದುಹೋದರೆ ಚಿಮಣಿ ಆರಿಸದವರು ಯಾರು? ಮುದುಕಿ ಕೇಳಿದ್ದು ಅವನ ವಿಮಾನವನ್ನೇ ಎಂದು ನಾನು ಪಣ ಕಟ್ಟಲಾರೆ. ಇಷ್ಟೆಲ್ಲ ಮಾಡಿದ ಆಸಾಮಿಗೆ ಇಂಗ್ಲೆಂಡಿನ ಕೋರ್ಟು ಹಾಕಿದ್ದು 200 ಪೌಂಡ್ ದಂಡ. ಆ ವರ್ಷ ಸೆಪ್ಟೆಂಬರ್ 13ರಂದು ನಿಜಾಮನ ಮೇಲೆ ಭಾರತದ ಪೊಲೀಸ್ ಆ್ಯಕ್ಷನ್ ಶುರುವಾದಾಗ ಹಗಲಿನ ವಿಮಾನ ಬಂದವು, ಭಾರತದ ಟೆಂಪೆಸ್ಟ್‌ಗಳು, ಒಂದೇ ಎಂಜಿನ್ನಿನವು, ಆ ಒಂದರಲ್ಲೇ 18 ಸಿಲಿಂಡರ್.

“ಅಂದ್ರ ನಮ್ಮವ್ವಗ ಬರೋಬ್ಬರಿ ಗೊತ್ತಿತ್ತಲ್ರೀ” ಎಂದರು ಕಾಕಾ, ಸ್ವಲ್ಪ ಹೊತ್ತು ಸುಮ್ಮನಿದ್ದು.

ರಾಡಾರ್ ಬರುವ ಮುಂಚೆ ಇಂಗ್ಲೆಂಡಿನ ಸೈನ್ಯವೇ ಕಿವಿಯನ್ನು ನಂಬಿಕೊಂಡಿತ್ತು. ಕೆಂಟ್ ಸೀಮೆಯ ಡೆಂಜ್ ಎಂಬಲ್ಲಿ 1930ರ ಸುಮಾರಿಗೆ ಸಮುದ್ರಕ್ಕೆ ಮುಖಮಾಡಿ ಸಿಮೆಂಟಿನ ದೊಡ್ಡ ದೊಡ್ಡ ಬಟ್ಟಲು, ಬಾಗಿದ ಗೋಡೆ ಕಟ್ಟಿದರು. ಅದರಲ್ಲೊಂದು ಗೋಡೆ 200 ಅಡಿ ಉದ್ದ. ದೂರದ ವಿಮಾನದ ದನಿ ಅದಕ್ಕೆ ಬಡಿದು ಒಂದು ಕಡೆ ಕೂಡುತ್ತಿತ್ತು, ಅಲ್ಲಿ ಮೈಕು ಹಿಡಿದವನು ಕೇಳಿಸಿಕೊಂಡು ಸುದ್ದಿ ಮುಟ್ಟಿಸಬೇಕು. ವಿಮಾನದ ವೇಗ ಹೆಚ್ಚಿದಂತೆ ಸಿಗುವ ಪುರುಸೊತ್ತು ಕಡಿಮೆಯಾಯಿತು, ಅಷ್ಟರಲ್ಲಿ ರಾಡಾರ್ ಬಂತು. ಗೋಡೆಗಳು ಇನ್ನೂ ನಿಂತಿವೆ. “ಸಿಮೆಂಟ್ ನಮ್ಮ ಕಡಿಂದ ಒಯ್ದಿದ್ರೇನು?” ಅಂದರು ಕಾಕಾ. ವಾಡಿಯಲ್ಲಿ ನೌಕರಿ ಮಾಡಿದವರಿಗೆ ಜಗತ್ತಿನ ಸಿಮೆಂಟೆಲ್ಲ ವಾಡಿಯಿಂದಲೇ ಲೋಡ್ ಆಗಿರಬೇಕು.

ರಾತ್ರಿ ಕೇಳುವುದಕ್ಕೆ ಚಳಿಗಾಲ ಹೇಳಿಮಾಡಿಸಿದ್ದು. ಹಗಲು ಕಾದ ಪರಸಿ ನೆಲ ಕತ್ತಲಾದ ಮೇಲೆ ಬೇಗ ಆರುತ್ತದೆ, ಕೆಳಗಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಹಗಲು ಸುಳಿವೇ ಇಲ್ಲದ ರೈಲಿನ ಹಾರ್ನು ಆಗ ಹಿತ್ತಲಲ್ಲೇ ಊದಿದಂತೆ ಕೇಳುತ್ತದೆ. ಆಗ ಕಣ್ಣಿಗೆ ಸಿಗುವುದು ದೀಪ ಮಾತ್ರ. ವಿಮಾನದ ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು. ಕೆಂಪು ನಿಮ್ಮ ಬಲಕ್ಕೂ ಹಸಿರು ಎಡಕ್ಕೂ ಕಂಡರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಕಾಕಾಗೆ ಇದು ಬಹಳ ಹಿಡಿಸಿತು. ಸಿಗ್ನಲ್ ಓದಿ ಬದುಕಿದವರು, ಕೆಂಪು ಹಸಿರು ಎಲ್ಲಿದ್ದರೂ ಅವರಿಗೆ ಸಲುಗೆ.

ಇಷ್ಟು ವರ್ಷ ಕತ್ತೆತ್ತಿ ನೋಡಿದವರು ಒಮ್ಮೆಯೂ ಅದರೊಳಗೆ ಕೂತಿಲ್ಲ. ಈಗ ಮಗ ಬೆಂಗಳೂರಿನಲ್ಲಿ ಮನೆ ಮಾಡಿದ್ದಾನೆ, ಇಬ್ಬರಿಗೂ ಟಿಕೆಟ್ ತೆಗೆಸುತ್ತೇನೆ ಅಂದಿದ್ದಾನೆ. ಯಾವ ವಿಮಾನ ಸಿಗುತ್ತದೋ ಇನ್ನೂ ಗೊತ್ತಿಲ್ಲ. ಕಾಕಾ ಗೋಡೆಯ ಮೇಲೆ ಮೊಳಕೈ ಊರಿ ನನ್ನನ್ನು ವಿಚಾರಿಸುತ್ತಿದ್ದಾರೆ.

“ಸಪ್ಪಳ ಎಲ್ಲಿ ಜಾಸ್ತಿ ಇರ್ತದ್ರೀ ಮಾಸ್ತರ, ಮುಂದೋ ಹಿಂದೋ?”

ಎಂಬ್ರಾಯರ್ 145 ಆದರೆ ಎಂಜಿನ್ನು ಹಿಂದಿದೆ, ಹಿಂದಿನ ಸೀಟಿನಲ್ಲಿ ಜೋರು. ಅದರಲ್ಲಿ ಸಾಲಿಗೆ ಮೂರೇ ಸೀಟು, ಒಂದು ಕಡೆ ಒಂಟಿ, ಇನ್ನೊಂದು ಕಡೆ ಜೋಡಿ. ಎಟಿಆರ್ ಆದರೆ ಹತ್ತುವ ಬಾಗಿಲೇ ಹಿಂದೆ, ಪಂಖ ಮುಂದಿನರ್ಧದಲ್ಲಿ. ಆ ಪಂಖದ ಸಾಲಿನಲ್ಲಿ ಕೂತರೆ ಕಿವಿ ತುಂಬುತ್ತದೆ ಅಂದೆ.

“ಹಂಗಾದ್ರ ಎಟಿಆರ್‌ದಾಗ ಆ ಪಂಖದ ಬಾಜೂಕ ಹೇಳಿಬಿಡ್ರಿ ಅವಗ.”

ಕಾಕಿ ಮೆಣಸಿನಕಾಯಿ ಚೀಲದ ಬಾಯಿ ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ. “ನನಗ ಹಿಂದ ತಗೀಲಿಕ್ಕ ಹೇಳ್ರಿ ಮಾಸ್ತರ, ಬ್ಯಾರೆ ಸಾಲಿನ್ಯಾಗ. ಇವ್ರು ಅಲ್ಲೂ ಎಲ್ಲಾರಿಗಿ ಸುಮ್ ಕೂಡ್ರಿ ಅಂತ ಕೈ ಮಾಡ್ತಾರ.”